ಗಡ್ಡೆಗೆ ಊಟ ಹಾಕುವವಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಊಟದಕ್ಕ ಎಂದೇ. ಹದಿನೆಂಟು ವರ್ಷದಿಂದ ಅವಳ ಕೆಲಸ ಒಂದೇ: ರೋಗಿಗಳ ಮೆದುಳಿನಿಂದ ತೆಗೆದ ಗಡ್ಡೆಯ ಜೀವಕೋಶಗಳನ್ನು ಪುಟ್ಟ ಬಟ್ಟಲುಗಳಲ್ಲಿ ಸಾಕುವುದು. ಎರಡು ದಿನಕ್ಕೊಮ್ಮೆ, ಅವುಗಳ ಊಟವಾದ ಸಕ್ಕರೆ ಬೆರೆತ ಹಳೆಯ ದ್ರವವನ್ನು ಹೀರಿ ತೆಗೆದು ಹೊಸದು ಹಾಕಬೇಕು. ಹಾಕುವಾಗ ಅದು ಕೆಂಪಗಿರುತ್ತದೆ. ಈ ಹೊಟ್ಟೆಬಾಕಗಳು ಸಕ್ಕರೆಯನ್ನೆಲ್ಲ ಮುಕ್ಕಿ, ಹುಳಿ ಕಕ್ಕಿ, ಹಳದಿ ಮಾಡಿಬಿಡುತ್ತವೆ.

ಇದನ್ನು ಮನೆಯಲ್ಲಿ ಹೇಳಿದ್ದೇ ಎಡವಟ್ಟಾಯಿತು. ಬೀಗ ರಿಪೇರಿ ಮಾಡುವ ಅವಳ ಅಣ್ಣನಿಗೂ ಅದೇ ಜಾತಿಯ ಗಡ್ಡೆ. ಆಪರೇಷನ್ ಮುಗಿದು ಕರೆಂಟು ಕೊಡುವ ಚಿಕಿತ್ಸೆ, ಅಂದರೆ ರೇಡಿಯೇಷನ್, ನಡೆದಿತ್ತು. ತಂಗಿಯ ಮಾತು ಕೇಳಿದ್ದೇ ತಡ, ಅನ್ನ, ಹಣ್ಣು, ಚಹಾದ ಸಕ್ಕರೆ ಎಲ್ಲ ಬಿಟ್ಟ. ಶತ್ರುವಿಗೆ ನಾನೇಕೆ ಊಟ ಹಾಕಲಿ ಎಂಬ ಹಟ. ಅವಳೂ ಭೇಷ್ ಎಂದಳು, ಪುಣ್ಯಾತ್ಗಿತ್ತಿ! ಮೂರು ವಾರದಲ್ಲಿ ಏಳು ಕಿಲೋ ಇಳಿದ. ಇನ್ನೆರಡು ಕಿಲೋ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಜಪ್ಪಯ್ಯ ಎಂದರೂ ಅವನು ಜಗ್ಗಲಿಲ್ಲ.

ಅದೇ ವಾರ ಅವಳು ಸಕ್ಕರೆಯಿಲ್ಲದ ದ್ರವದ ಬಟ್ಟಲೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಬಹಳಷ್ಟು ಸತ್ತಿದ್ದವು, ನಿಜ. ಉಳಿದವು ಮಾತ್ರ ಬೆಳೆಯುವುದನ್ನು ನಿಲ್ಲಿಸಿ, ಮೈ ಉದ್ದ ಮಾಡಿಕೊಂಡು, ಬೇರೆ ಜಾಗ ಹುಡುಕಿ ನಡೆಯತೊಡಗಿದ್ದವು. ಸಕ್ಕರೆ ಸಿಗದಿದ್ದರೆ ಕೊಬ್ಬು ಉರಿಸಿಕೊಂಡು ಬದುಕುತ್ತವೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ವಿವರಿಸಿದರು. ಅಣ್ಣನ ವಿಷಯ ಕೇಳಿ ಹಣೆ ಚಚ್ಚಿಕೊಂಡರು. ಮನುಷ್ಯ ಉಪವಾಸ ಬಿದ್ದರೂ ಮೈ ತನ್ನ ಮಾಂಸ ಕರಗಿಸಿಯಾದರೂ ಮೆದುಳಿಗೆ ಸಕ್ಕರೆ ಒದಗಿಸುತ್ತದಂತೆ; ಗಡ್ಡೆಗೂ ಅದರಲ್ಲೇ ಪಾಲು, ಸೊರಗುವವನು ಅಣ್ಣನೇ. ಹದಿನೆಂಟು ವರ್ಷ ಬಟ್ಟಲು ನೋಡಿದವಳಿಗೆ ಅಣ್ಣ ಬಟ್ಟಲಲ್ಲ ಅನ್ನುವುದೇ ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳಿಗೆ ಅಳು ಬಂತು.

ಸಂಜೆ ಅನ್ನ ಕಲಸಿ ಅಣ್ಣನ ಮುಂದಿಟ್ಟು, ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. "ತಪ್ಪು ನಂದೇ ಅಣ್ಣಾ. ಊಟ ಮಾಡು."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಆಪರೇಷನ್ ಅವರು ಮಾಡಿದ್ರು, ಕರೆಂಟು ಅವರು ಕೊಡ್ತಾರೆ. ತಿನ್ನದೇ ಇರೋದೊಂದೇ ನನ್ನ ಕೈಲಿತ್ತು ಕಣೇ," ಎಂದ.

ಕೊನೆಗೆ ಅವನೇ ತಟ್ಟೆ ಎಳೆದುಕೊಂಡ. ನಾಲ್ಕು ತುತ್ತು ತಿಂದು, ಬಟ್ಟಲಲ್ಲಿ ಸಾಯದೆ ಉಳಿದುಕೊಂಡವು ಈಗಲೂ ನಡೆಯುತ್ತಿವೆಯೇ ಎಂದು ಕೇಳಿದ.

"ಹೂಂ," ಎಂದಳು ಅವಳು.

"ಹಾಗಾದ್ರೆ ಕರೆಂಟು ನಿಲ್ಲಬಾರ್ದು. ಇನ್ನೊಂಚೂರು ಅನ್ನ ಹಾಕು."