ಕಟಿಂಗಿಗೆ ಬಂದ ಮುದ್ದತ್ ಜ್ವರ

ಹೆಣ್ಣುಮಕ್ಕಳು ತಲೆಗೆ ಎರೆದುಕೊಳ್ಳಬೇಕಾದದ್ದು ಮಂಗಳವಾರ ಮತ್ತು ಶುಕ್ರವಾರ ಎಂಬುದು ನಮ್ಮ ಅವ್ವನ ಕಾಯಿದೆ. ಆ ಎರಡೂ ದಿನ ಕಚೇರಿಗಳು ತೆರೆದಿರುತ್ತವೆ ಎಂಬುದು ಅವ್ವನಿಗೆ ಸಂಬಂಧಪಡದ ಸಂಗತಿ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ರಾಣೇಬೆನ್ನೂರಿನ ಒಂದು ಕಚೇರಿಯಲ್ಲಿ ನಾನು ಟೈಪಿಸ್ಟ್ ಆಗಿ ಹೊಸದಾಗಿ ಸೇರಿದ್ದೆ. ದಿನಾ ಹಾವೇರಿಯಿಂದ ಬೆಳಗಿನ ರೈಲು ಹಿಡಿಯಬೇಕು. ನನ್ನ ಕೂದಲೋ ಸೊಂಟ ದಾಟಿ ಕೆಳಗಿಳಿದದ್ದು, ಗಡಿಬಿಡಿಯಲ್ಲಿ ಒಣಗುವ ಜಾತಿಯದೇ ಅಲ್ಲ. ಹಸಿಯಾಗಿಯೇ ಹೆರಳು ಹಾಕಿಕೊಂಡು ಓಡಿದರೆ ಮಧ್ಯಾಹ್ನದವರೆಗೆ ಬೆನ್ನ ಮೇಲೆ ರವಿಕೆ ಒದ್ದೆ, ಸಂಜೆಗೆ ತಲೆಯಿಂದ ಒಂಥರಾ ಮುಗ್ಗಲು ವಾಸನೆ. ನೆಗಡಿಯಂತೂ ನನ್ನ ಜೊತೆ ತಿಂಗಳ ಪಾಸು ತೆಗೆಸಿಕೊಂಡು ಓಡಾಡುತ್ತಿತ್ತು.

ಅದೇ ವರ್ಷ ನನಗೆ ಬ್ಯಾಡಗಿಯ ಗಂಡು ಗೊತ್ತಾಯಿತು. ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆತನ. ಆ ಮನೆಯಲ್ಲಿ ಗಂಡಸರು ಎಷ್ಟಿದ್ದರೂ ಮಾತು ನಡೆಯುತ್ತಿದ್ದದ್ದು ಹುಡುಗನ ಅಜ್ಜಿಯದು. ಎಲ್ಲರೂ ಆಕೆಯನ್ನು ಆಯಿ ಅನ್ನುತ್ತಿದ್ದರು. ನನ್ನನ್ನು ನೋಡಲು ಬಂದ ದಿನ ಆಯಿ ನನ್ನ ಮುಖವನ್ನು ನೋಡಿದ್ದು ಕಡಿಮೆ. ಹಿಂದೆ ಬಂದು ನಿಂತು ಹೆರಳನ್ನು ಕೈಯಲ್ಲಿ ಎತ್ತಿ ತೂಗಿ, ಒಳಗೆ ಕಟ್ಟುಗೂದಲಿನ ಚವರಿಗಿವರಿ ಸೇರಿಸಿದ್ದಾರೋ ಎಂದು ಬೆರಳಾಡಿಸಿ, "ಖರೇವ ಅದಾವು" ಅಂದು ಕೂತಳು. ಅಲ್ಲಿಗೆ ನಾನು ಪಾಸು.

ನನ್ನ ಕಡೆಯಿಂದ ಇದ್ದದ್ದು ಒಂದೇ ಕರಾರು: ಮದುವೆಯಾದ ಮೇಲೂ ನೌಕರಿ ಬಿಡುವುದಿಲ್ಲ. ಅಪ್ಪ ಅಂಜುತ್ತ ಅಂಜುತ್ತ ಅದನ್ನು ಹೇಳಿದಾಗ ಬ್ಯಾಡಗಿಯವರ ಮುಖಗಳು ಸಣ್ಣಗಾದವು. ಕೊನೆಗೆ ಆಯಿಯೇ, "ಮೈಯಾಗ ಕಸುವ ಇರೂತನಾ ಮಾಡಲಿ ಬಿಡ್ರಿ" ಅಂದು ಮುಗಿಸಿದ್ದಳು. ನನಗೆ ಹುಡುಗ ಹಿಡಿಸಿದ್ದ, ಅದು ಬೇರೆ. ಆದರೆ ಆ ಟೈಪ್‌ರೈಟರಿನ ಮುಂದಿನ ಕುರ್ಚಿ ಇತ್ತಲ್ಲ, ಅದು ನಾನು ಪರೀಕ್ಷೆ ಬರೆದು ಗಳಿಸಿದ್ದು. ಹುಡುಗನನ್ನು ಮಾತ್ರ ಬೇರೆಯವರು ಹುಡುಕಿ ಕೊಟ್ಟಿದ್ದರು.

ಲಗ್ನಕ್ಕೆ ಇನ್ನೂ ಮೂರು ತಿಂಗಳಿತ್ತು. ನೆಗಡಿಗೆ ಬೇಸತ್ತು ಒಂದು ಶುಕ್ರವಾರ ಸಂಜೆ ನಾನು ರಾಣೇಬೆನ್ನೂರಿನ ಹೊಸ ಬ್ಯೂಟಿ ಪಾರ್ಲರಿಗೆ ಹೋದೆ. ಪಾರ್ಲರ್ ಎಂದರೆ ಒಂದು ಮನೆಯ ಮುಂದಿನ ಕೋಣೆ. ಬಾಗಿಲಿಗೆ ಹೂವಿನ ಪರದೆ, ಒಳಗೆ ಕನ್ನಡಿಯ ಅಲಮಾರಿ, ಗೋಡೆಯ ತುಂಬ ಮಾಸಪತ್ರಿಕೆಯಿಂದ ಕತ್ತರಿಸಿದ ಸುಂದರಿಯರು. ಅವರೆಲ್ಲರ ಕೂದಲು ಗಾಳಿಗೆ ಹಾರುತ್ತಿತ್ತು. ಕೋಣೆಯಲ್ಲಿ ಮಾತ್ರ ಗಾಳಿ ಇರಲಿಲ್ಲ. ಪಾರ್ಲರಿನಾಕೆ ಹುಬ್ಬಳ್ಳಿಯಲ್ಲಿ ಕಲಿತು ಬಂದವಳು.

"ಎಷ್ಟ ಕತ್ತರಸ್ಲಿರಿ?" ಅಂದಳು.

"ಬೆನ್ನಿನ ನಡುವಿನ ತನಕ ಇರಲಿ. ಹೆರಳಿಗೆ ಬರಬೇಕ್ರಿ ಮತ್ತ."

"ನೀವು ಸುಮ್ನ ಕುಂದ್ರಿ. ಎದ್ದಾಗ ನಿಮ್ಮನ್ನ ನೀವ ಗುರುತ ಹಿಡೀಬಾರದು, ಹಂಗ ಮಾಡ್ತೇನಿ."

ಈ ಮಾತನ್ನು ಆಕೆ ಅಕ್ಷರಶಃ ನಡೆಸಿಕೊಟ್ಟಳು. ಮೊದಲು ಶಾಂಪೂ ಹಾಕಿ, ಹುಟ್ಟಿದಾಗಿನಿಂದ ನನ್ನ ತಲೆ ಕುಡಿದಿದ್ದ ಕೊಬ್ಬರಿ ಎಣ್ಣೆಯನ್ನೆಲ್ಲ ತೊಳೆದಳು. ಒದ್ದೆ ಕೂದಲನ್ನು ಬಾಚಣಿಗೆಯಿಂದ ಎಳೆದು ನೇರ ಮಾಡಿ ಕತ್ತರಿ ಹಾಕಿದಳು. ಎಡಗಡೆ ಸ್ವಲ್ಪ ಮೇಲಾಯಿತು. ಅದಕ್ಕೆ ಬಲಗಡೆಯನ್ನು ಸರಿ ಮಾಡಿದಳು. ಬಲಗಡೆ ಮೇಲಾಯಿತು. ಹೀಗೆ ಎರಡೂ ಕಡೆಯವರಿಗೆ ನ್ಯಾಯ ಕೊಡುತ್ತ ಕೊಡುತ್ತ ಹೆಗಲ ಹತ್ತಿರ ಬಂದು ನಿಂತಳು.

"ಏನ್ರೀ ಇದು?" ಅಂದೆ.

"ಹೆಗಲಮಟದ ಕಟಿಂಗು ಅಂತಾರ್ರಿ ಇದಕ್ಕ. ಹುಬ್ಬಳ್ಳ್ಯಾಗ ಈಗ ಇದ ನಡದೈತಿ."

ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳು ಯಾಕೆ ಹೇಳಲಿ, ಚೆಂದವೇ ಕಾಣಿಸಿತು. ಹೆಗಲ ಮೇಲೆ ನೀಟಾಗಿ ಮಲಗಿದ್ದ ಕೂದಲು. ಇಷ್ಟಿದ್ದರೆ ಸಣ್ಣದೊಂದು ಹೆರಳು ಬಂದೇ ಬರುತ್ತದೆ, ಲಗ್ನದ ಹೊತ್ತಿಗೆ ನಾಲ್ಕು ಬೆರಳು ಬೆಳೆಯುತ್ತದೆ ಎಂದು ಮನಸ್ಸಿನಲ್ಲೇ ಅವ್ವನಿಗೆ ಉತ್ತರ ಕಟ್ಟಿದೆ. ಒಣಗಿಸುವ ಯಂತ್ರವನ್ನು ಆಕೆ ಕೈಗೆ ತೆಗೆದುಕೊಂಡದ್ದೇ ತಡ, ಕರೆಂಟು ಹೋಯಿತು. ರೈಲಿನ ಹೊತ್ತಾಗಿತ್ತು. ಹಾಗೇ ಹೊರಟೆ.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ರೈಲು ರಾಣೇಬೆನ್ನೂರು ಬಿಟ್ಟಾಗ ಕೂದಲು ಹೆಗಲ ಮೇಲಿತ್ತು. ಹೊಲಗಳ ಗಾಳಿ ಬೀಸತೊಡಗಿತು. ಎದುರು ಕೂತಿದ್ದ ಒಬ್ಬ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಿದಳು.

"ಯವ್ವಾ, ನಿನ್ನ ಕೂದಲಾ ಮ್ಯಾಲೆ ಏರಾಕತ್ತಾವ ನೋಡು" ಅಂದಳು.

ಕೈ ಹಾಕಿ ನೋಡಿದೆ. ಹೆಗಲ ಮೇಲೆ ಏನೂ ಇರಲಿಲ್ಲ. ಹುಡುಕುತ್ತ ಹೋದರೆ ಕುತ್ತಿಗೆಯ ಹತ್ತಿರ ಸಿಕ್ಕಿತು. ನನ್ನದು ಗುಂಗುರು ಕೂದಲೆಂದು ನನಗೆ ಗೊತ್ತಾದದ್ದು ಆ ರೈಲಿನಲ್ಲಿ. ಇಷ್ಟು ವರ್ಷ ಎಣ್ಣೆಯೂ ಉದ್ದದ ಭಾರವೂ ಅದನ್ನು ಒತ್ತಿ ಹಿಡಿದಿದ್ದವು. ಈಗ ಎರಡೂ ಇಲ್ಲ. ಬ್ಯಾಡಗಿ ಬರುವಷ್ಟರಲ್ಲಿ ಅದು ಕಿವಿಯ ತನಕ ಏರಿ, ಎರಡೂ ಬದಿಗೆ ಅರಳಿ ನಿಂತಿತ್ತು. ಬ್ಯಾಡಗಿ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಮುಂದಿನ ಸಂಬಂಧಿಕರು ಯಾರಾದರೂ ಇರಬಹುದೆಂದು ಹೆದರಿ, ತಲೆಯ ತುಂಬ ಸೆರಗು ಹೊದ್ದು ಕೂತೆ.

"ಹಂಗ ಮುಚ್ಚಿದ್ರ ಇಳಿಯೂದಿಲ್ಲವ್ವಾ ಅವು" ಎಂದು ಮುದುಕಿ ಸಮಾಧಾನ ಹೇಳಿದಳು.

ಹಾವೇರಿಯಲ್ಲಿ ಇಳಿದು ಓಣಿಗೆ ಬರುವಾಗ ಕತ್ತಲಾಗಿತ್ತು. ನಮ್ಮ ಕಟ್ಟೆಯ ಮೇಲೆ ಅವ್ವನ ಜೊತೆ ಹಿಂದಿನ ಮನೆಯ ಕಾಕು ಕೂತಿದ್ದಳು. ಮಗಳ ಬಾಣಂತನಕ್ಕೆಂದು ಗದಗಿಗೆ ಹೋಗಿದ್ದವಳು ಅವತ್ತೇ ತಿರುಗಿ ಬಂದಿದ್ದಳು. ಮೆಟ್ಟಿಲು ಹತ್ತುವಾಗ ಸೆರಗು ಜಾರಿತು. ಕಾಕು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ನಮ್ಮವ್ವ! ಕೂಸಿಗೆ ಮುದ್ದತ್ ಜ್ವರ ಬಂದಿತ್ತೇನ? ನಾ ಊರಾಗ ಇಲ್ಲದಾಗ ಎಂಥಾದ್ದಾತು!"

ಮುದ್ದತ್ ಜ್ವರ ಎಂದರೆ ನಮ್ಮ ಕಡೆ ಟೈಫಾಯ್ಡು. ಅದು ಬಂದು ಹೋದವರ ಕೂದಲು ಉದುರುತ್ತದೆಂದು ಎಲ್ಲರಿಗೂ ಗೊತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಮ್ಮೆ ನನ್ನ ತಲೆಯನ್ನು ನೋಡಿದಳು, ಒಮ್ಮೆ ಕಾಕುವನ್ನು ನೋಡಿದಳು.

"ಹೂನ್ರಿ ಅಕ್ಕಾರ. ಭಾಳ ಸೋತಾಳ" ಅಂದಳು.

ಒಳಗೆ ಬಂದ ಮೇಲೆ ನಾನು ಕೇಳಿದೆ, "ನನಗ ಜ್ವರಾ ಯಾವಾಗ ಬಂದಿತ್ತಬೇ?"

"ಬಂದಿರಲಿಲ್ಲಂದ್ರ ಈಗ ಬರ್ತೈತಿ, ಮಲಕೋ. ಲಗ್ನಾ ಗೊತ್ತಾದ ಹುಡುಗಿ ಪಾರ್ಲರಿಗೆ ಹೋಗಿ ತಲಿ ಕತ್ತರಿಸಿಕೊಂಡು ಬಂದಾಳ ಅಂತ ಹೇಳ್ಲೇನ ಮಂದಿಗೆ? ಜ್ವರಾ ದೇವರ ಕೊಡೂದು. ಇದನ್ನ ನೀ ರೊಕ್ಕಾ ಕೊಟ್ಟು ತಂದೀದಿ."

ಅಪ್ಪ ಪೇಪರಿನ ಹಿಂದಿನಿಂದ, "ಎಷ್ಟ ಡಿಗ್ರಿ ಐತಿ?" ಅಂದ. ಅವ್ವ ನನ್ನ ಹಾಸಿಗೆ ಬಿಡಿಸಿದಳು.

ಮರುದಿನದಿಂದ ಕಚೇರಿಗೆ ರಜೆ, ನನಗೆ ಹಾಸಿಗೆ. ಮುಂಜಾವಿನಲ್ಲಿ ಹೋಗಿ ದೀಪ ಹಚ್ಚಿದ ಮೇಲೆ ಬರುವವಳು ನಾನು. ಓಣಿಯವರು ನನ್ನನ್ನು ಕಂಡೇ ಬಹಳ ದಿನವಾಗಿತ್ತು. ಹೀಗಾಗಿ ಯಾರಿಗೂ ಸಂಶಯ ಬರಲಿಲ್ಲ. ಒಬ್ಬರ ಹಿಂದೆ ಒಬ್ಬರು ಮೋಸಂಬಿ, ಎಳನೀರು, ಬನ್ನು ಹಿಡಿದು ಬಂದರು. ಅವ್ವನ ಬಾಯಲ್ಲಿ ಜ್ವರ ದಿನದಿಂದ ದಿನಕ್ಕೆ ಬಲಿಯುತ್ತ ಹೋಯಿತು. ಮೊದಲು ಬರಿ ಜ್ವರವಿತ್ತು. ಆಮೇಲೆ ಅದು ತಲೆಗೇರಿತು. ಆಮೇಲೆ ನಾನು ಯಾರನ್ನೂ ಗುರುತು ಹಿಡಿಯದಾದೆ. ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದ ನನಗೇ ಆ ಹುಡುಗಿಯ ಬಗ್ಗೆ ಪಾಪ ಅನ್ನಿಸುತ್ತಿತ್ತು. ನನಗೆ ಗಂಜಿ, ಅಪ್ಪನಿಗೆ ಮೋಸಂಬಿ.

"ಇನ್ನೊಂದ ವಾರ ಜ್ವರಾ ಇರಲಿ ಬಿಡ," ಅನ್ನುತ್ತಿದ್ದ ಅಪ್ಪ, ಸಿಪ್ಪೆ ಸುಲಿಯುತ್ತ, "ಹಣ್ಣು ಛಲೋ ಬರಾಕತ್ತಾವ."

ಹಾವೇರಿಯ ಸುದ್ದಿ ಬ್ಯಾಡಗಿಗೆ ಹೋಗಲು ಎಷ್ಟು ಹೊತ್ತು? ಮುಂದಿನ ರವಿವಾರ ಮಧ್ಯಾಹ್ನ ಆಯಿ ಒಬ್ಬಳೇ ಬಸ್ಸು ಹತ್ತಿ ಬಂದಳು. ಆಕೆಯ ಸೀರೆಗೆ ಅಂಗಡಿಯ ಮೆಣಸಿನಕಾಯಿ ಘಾಟು ಹತ್ತಿತ್ತು. ಆಕೆ ಒಳಗೆ ಬಂದಳೆಂದು ನನ್ನ ಮೂಗಿಗೆ ಮೊದಲು ತಿಳಿಯಿತು. ಕೈಯಲ್ಲಿ ಒಂದು ಡಬ್ಬಿಯ ತುಂಬ ಅಂಟಿನುಂಡಿ ತಂದಿದ್ದಳು. ಹಾಸಿಗೆಯ ಪಕ್ಕ ಕೂತು ನನ್ನ ಹಣೆ ಮುಟ್ಟಿದಳು.

"ಮೈ ಏನೂ ಸುಡವಲ್ದು."

"ಈಗ ಇಳದೈತ್ರಿ ಆಯಿ" ಅಂದಳು ಅವ್ವ. "ಭಾಳ ಕಾಡಿ ಹೋತು. ಕೂದಲೆಲ್ಲಾ ಹ್ವಾದೂವು."

"ಹೋದ್ರ ಹೋಗ್ಲಿ. ಜೀವ ಉಳೀತಲ್ಲ" ಅಂದಳು ಆಯಿ. ಆ ಮಾತಿನಲ್ಲಿ ಎಳ್ಳಷ್ಟೂ ನಾಟಕವಿರಲಿಲ್ಲ. ನನಗೆ ಕಣ್ಣೆತ್ತಿ ನೋಡುವುದಾಗಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿದಳು. "ನೋಡ ಬೀಗತಿ, ಕೊಟ್ಟ ಮಾತಿಗೆ ನಾವು ತಪ್ಪೂ ಮಂದಿ ಅಲ್ಲ. ಲಗ್ನಾ ಆಗೂದ. ಆದ್ರ ಮುದ್ದತ್ ಜ್ವರ ತಿಂದ ಮೈ ಇದು. ಇಂಥಾ ಮೈಯಾಗ ದಿನಾ ರೈಲ ಹತ್ತಿ ಇಳಿಯೂದು ಆಗೂ ಮಾತಲ್ಲ. ನೌಕರಿ ಬಿಡಸ್ರಿ. ಮನ್ಯಾಗ ಉಂಡು ತಿಂದು ಆರಾಮ ಇರಲಿ."

"ಆಗಲ್ರಿ ಆಯಿ, ಬಿಡಸ್ತೇವಿ" ಅಂದಳು ಅವ್ವ. ಲಗ್ನ ಉಳಿಯಿತೆಂಬ ಸಂತೋಷದಲ್ಲಿ ಆಕೆಗೆ ಬೇರೆ ಏನೂ ಕೇಳಿಸಿರಲಿಲ್ಲ. ಪೇಪರು ಕೆಳಗಿಳಿಯಿತು. ಅಪ್ಪ ನನ್ನ ಮುಖ ನೋಡಿದ.

ನಾನು ಎದ್ದು ಕೂತೆ. "ಆಯಿ, ನನಗ ಜ್ವರಾ ಬಂದಿಲ್ರಿ. ಪಾರ್ಲರಿನ್ಯಾಗ ಕತ್ತರಿಸಿಕೊಂಡೇನಿ."

ಅವ್ವ ಒಂದು ಕ್ಷಣವೂ ತಡೆಯಲಿಲ್ಲ. "ಇನ್ನೂ ಬಡಬಡಸ್ತಾಳ ನೋಡ್ರಿ ಆಯಿ. ತಲೀಗೇರಿತ್ತು ಅಂದ್ನೆಲ್ಲ!"

ಇಂಥ ತಾಯಿಯ ಮುಂದೆ ನಿಜವನ್ನು ಬಾಯಿಂದ ಹೇಳಿ ಉಪಯೋಗವಿಲ್ಲ ಅನ್ನಿಸಿತು. ಸೆರಗು ಕಟ್ಟಿ ಹಿತ್ತಲಿಗೆ ಹೋದೆ. ಅಲ್ಲಿ ತುಂಬಿಟ್ಟಿದ್ದ ತಾಮ್ರದ ಕೊಡವನ್ನು ಟೊಂಕದ ಮೇಲೆ ಎತ್ತಿ ತಂದು ಆಯಿಯ ಎದುರು ಇಳಿಸಿದೆ. ತಂಬಿಗೆಯಿಂದ ನೀರು ಮೊಗೆದು ಅಲ್ಲೇ ತಲೆಯ ಮೇಲೆ ಸುರಿದುಕೊಂಡೆ. ಕೂದಲನ್ನು ಎರಡೂ ಕೈಯಿಂದ ಹೆಗಲ ತನಕ ಎಳೆದು ಹಿಡಿದೆ.

"ಇಲ್ಲೀತನಾ ಇದ್ದೂವ್ರಿ. ಒಣಗಿದ ಮ್ಯಾಲೆ ಏರಿದೂವು. ಜ್ವರಕ್ಕ ಉದುರಿದ್ದಾದ್ರ ತುದಿ ಹಿಂಗ ಸಾಲಾಗಿ ಇರ್ತಿದ್ದೂವೇನ್ರಿ?"

ಮನೆಯೆಲ್ಲ ನೀರಾಯಿತು. ಆಯಿ ತುದಿಗಳನ್ನು ಹಿಡಿದು ನೋಡಿದಳು. ಕೊಡವನ್ನು ನೋಡಿದಳು. ಅವ್ವನನ್ನು ಬಹಳ ಹೊತ್ತು ನೋಡಿದಳು. ಅವ್ವ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಿದ್ದಳು. ನನ್ನ ಕೈ ಬಿಟ್ಟ ಕೂದಲು ಒಂದೊಂದೇ ಸುರುಳಿಯಾಗಿ ಮೇಲೇಳತೊಡಗಿತು. ಅದನ್ನು ನೋಡಿದ ಆಯಿಗೆ ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿಗೆ ಸೆರಗು ಹಿಡಿದು, ಮೈ ಕುಲುಕಿಸಿ ನಗತೊಡಗಿದಳು.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಜಾತಿ. ಉದ್ದಕ್ಕೆ ಇರುವುದು ಕಡ್ಡಿ, ಗಿಡ್ಡವಾಗಿ ಗುಂಡಗಿರುವುದು ಡಬ್ಬಿ. "ನಾವು ಕಡ್ಡಿ ಅಂತ ಮಾತಾಡಿ ಹೋಗಿದ್ವಿ ಬೀಗತಿ," ಅಂದಳು ಆಯಿ, ಕಣ್ಣು ಒರೆಸಿಕೊಳ್ಳುತ್ತ, "ನೀವು ಡಬ್ಬಿ ಕೊಡಾಕ ಹೊಂಟೀರಿ. ಇರಲಿ, ಬಣ್ಣಾ ಡಬ್ಬಿಗೇ ಹೆಚ್ಚ."

"ನೌಕರಿ, ಆಯಿ?" ಅಂದೆ. ನೀರು ಇನ್ನೂ ಮೂಗಿನಿಂದ ಇಳಿಯುತ್ತಿತ್ತು.

"ಅಷ್ಟ ದೊಡ್ಡ ಕೊಡಾ ಎತ್ತೂವಾಕಿಗೆ ನೌಕರಿ ಬಿಡಿಸಿ ನಾ ಏನ್ ಮಾಡ್ಲಿ? ಮಾಡು. ಆದ್ರ ಚವರಿ ಹಚ್ಚಿದ ಮದುಮಗಳನ್ನ ನಾ ಮನಿ ತುಂಬಿಸಿಕೊಳ್ಳೂದಿಲ್ಲ. ಹೆರಳಿಗೆ ಬರೂತನಾ ಲಗ್ನಾ ಮುಂದಕ್ಕ." ಆಮೇಲೆ ಉಂಡಿಯ ಡಬ್ಬಿಯತ್ತ ಕೈ ಚಾಚಿದಳು. "ಅಂಟಿನುಂಡಿ ತಿರುಗಿ ಕೊಡ್ರಿ. ಜಡ್ಡಿನಾಕಿಗೆ ಅಂತ ಮಾಡಿದ್ದೆ."

ಅಪ್ಪನ ಬಾಯಿ ತುಂಬಿತ್ತು. ಆತ ಡಬ್ಬಿಯನ್ನು ಮೆಲ್ಲಗೆ ತನ್ನ ಬೆನ್ನ ಹಿಂದೆ ಸರಿಸಿಕೊಂಡ.

ಲಗ್ನ ಮುಂದಕ್ಕೆ ಹೋದದ್ದಕ್ಕಿಂತ ಓಣಿಯ ಚಿಂತೆಯೇ ಅವ್ವನಿಗೆ ದೊಡ್ಡದಾಯಿತು. ಅಷ್ಟು ಹಣ್ಣು ತಿಂದು, ಈಗ ಏನು ಹೇಳುವುದು? ಅಪ್ಪ ಕೇಳಿಯೇ ಬಿಟ್ಟ. ಅವ್ವ ನೆಲ ಒರೆಸುತ್ತಿದ್ದವಳು ತಲೆ ಎತ್ತದೆ, "ಜ್ವರಾ ಇವತ್ತ ಮಧ್ಯಾನ ಬಿಡ್ತು ಅಂತ ಹೇಳ್ರಿ" ಅಂದಳು.

ಆ ರಾತ್ರಿ ಆಯಿ ನಮ್ಮಲ್ಲೇ ಉಳಿದಳು. ಸೋಮವಾರ ಬೆಳಗಿನ ರೈಲಿಗೆ ಇಬ್ಬರೂ ಕೂಡಿಯೇ ಹೊರಟೆವು. ದಾರಿಯುದ್ದಕ್ಕೂ ಆಕೆ ನನ್ನ ಸಂಬಳ, ಸಾಹೇಬರ ಸ್ವಭಾವ, ಟೈಪು ಮಾಡುವಾಗ ಬೆರಳು ನೋಯುತ್ತವೋ ಇಲ್ಲವೋ ಎಲ್ಲ ವಿಚಾರಿಸಿದಳು. ಬ್ಯಾಡಗಿಯಲ್ಲಿ ಇಳಿದವಳು ಮನೆಗೆ ಹೋಗದೆ, ನನ್ನ ಕಿಟಕಿಯ ಹತ್ತಿರ ಬಂದು ನಿಂತಳು.

"ನಮ್ಮ ಹುಡುಗ ಕೇಳ್ತಾನ. ಏನಂತ ಹೇಳ್ಲಿ ಅವಗ?"

"ಖರೇ ಹೇಳ್ರಿ ಆಯಿ."

"ಖರೇ ಹೇಳಿದ್ರ ಅವಾ ಅಂಗಡಿ ಬಿಟ್ಟು ನೋಡಾಕ ರಾಣೇಬೆನ್ನೂರಿಗೆ ಬರ್ತಾನ. ಬಂದ್ರ ಅವನ ಕೂಡ ಚಹಾ ಕುಡಕೋತ ಕುಂದರಬ್ಯಾಡ. ನಿನಗ ಕೆಲಸಾ ಐತಿ."

ರೈಲು ಬಿಟ್ಟಿತು. ಆಯಿ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ತಲೆಯ ಎರಡೂ ಬದಿಗೆ ಕೈ ಅಗಲಿಸಿ ನನ್ನ ಕೂದಲಿನ ಆಕಾರವನ್ನು ಯಾರಿಗೋ ತೋರಿಸಿ ನಗುತ್ತಿದ್ದದ್ದು ಕಾಣಿಸಿತು. ನಾನು ಕೆಲಸಕ್ಕೆ ಹೋದೆ.