ಸೊಂಟದ ಬಲಭಾಗ

ಅಮೆರಿಕದಿಂದ ಬಂದ ನನ್ನ ಕಾನ್ವೆಂಟ್ ಗೆಳತಿ ವಿಮಾನ ನಿಲ್ದಾಣದಲ್ಲಿ ನನ್ನನ್ನು ಅಪ್ಪಿಕೊಂಡದ್ದು ಎಡಗೈಯಿಂದ ಮಾತ್ರ. ಬಲ ಮೊಣಕೈ ಸೊಂಟಕ್ಕೆ ಅಂಟಿಕೊಂಡೇ ಇತ್ತು. ಭುಜ ನೋವಿರಬೇಕು ಎಂದುಕೊಂಡೆ. ಟೋಕಿಯೊ ಪಕ್ಕದ ಇಚಿಕಾವಾದ ನಮ್ಮ ಮನೆಗೆ ಬಂದು ಕಾಫಿ ಕುಡಿಯುವಾಗ ಅವಳೇ ಹೇಳಿದಳು.

"ನೋವೇನಿಲ್ಲ ಕಣೇ. ಅಲ್ಲಿ ನಾನು ಪಿಸ್ತೂಲ್ ಇಟ್ಕೊಂಡೇ ಓಡಾಡೋದು. ಲೈಸೆನ್ಸ್ ಇದೆ. ಯಾರಿಗೂ ಗೊತ್ತಾಗಬಾರದಲ್ಲ, ಅದಕ್ಕೇ ಹೀಗೆ ಅಭ್ಯಾಸ ಆಗಿಬಿಟ್ಟಿದೆ."

ಅವರ ಪೆಟ್ರೋಲ್ ಬಂಕಿನ ಅಂಗಡಿಗೆ ನುಗ್ಗಿದವನೊಬ್ಬ ಅವಳ ಗಂಡನ ಕುತ್ತಿಗೆಗೆ ಬಂದೂಕು ಒತ್ತಿ ಹಿಡಿದಿದ್ದನಂತೆ. ಗಂಡ ಬದುಕಿಕೊಂಡರು, ಇವಳ ನಿದ್ದೆ ಹೋಯಿತು. ಅಂದಿನಿಂದ ಮದುವೆ, ನಾಮಕರಣ, ಕನ್ನಡದವರ ಊಟ, ಎಲ್ಲಿಗೆ ಹೋದರೂ ಅದು ಜೊತೆಗೆ. ಸೀರೆ ಬಿಟ್ಟು ಸಡಿಲವಾದ ಉದ್ದನೆಯ ಕುರ್ತಾ. ಕೂರುವುದು ಗೋಡೆ ಬದಿಯ ಕುರ್ಚಿಯಲ್ಲಿ. ಯಾರಾದರೂ ಫೋಟೊಗೆಂದು ಸೊಂಟ ಬಳಸಲು ಬಂದರೆ ಪಕ್ಕಕ್ಕೆ ಸರಿಯುವುದು. "ಜಂಬ ಅಂತಾರೆ. ಅಂದ್ಕೊಳ್ಳಲಿ ಬಿಡು," ಎಂದಳು.

ಈಗ ಅವಳ ಮಗಳು ತುಂಬು ಗರ್ಭಿಣಿ. ಬಾಣಂತನಕ್ಕೆ ಬಾ, ಆದರೆ ಅದು ಮಾತ್ರ ನನ್ನ ಮನೆಯ ಹೊಸಿಲು ದಾಟಬಾರದು ಎಂದಿದ್ದಾಳೆ. ಅದಿಲ್ಲದೆ ಅಂಗಳಕ್ಕೂ ಇಳಿಯದ ಇವಳು ತಿಂಗಳುಗಟ್ಟಲೆ ಹೇಗಿರುವುದು? "ನಿಮ್ಮ ಜಪಾನಲ್ಲಿ ಇಟ್ಕೊಳ್ಳೋ ಹಾಗೇ ಇಲ್ವಲ್ಲ. ಒಂದು ವಾರ ಇದ್ದು ನೋಡ್ತೀನಿ, ನನ್ ಕೈಲಿ ಆಗುತ್ತಾ ಅಂತ."

ಮೊದಲು ಕಷ್ಟವೇ ಆಯಿತು. ರೈಲಿನಲ್ಲಿ ಸೀಟು ಖಾಲಿಯಿದ್ದರೂ ಮೂಲೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಕೊಂಬಿನಿ ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳುವಾಗ ಹಿಂದಿನಿಂದ ಯಾರೋ ದಾರಿ ಬಿಡಿ ಎನ್ನುವಂತೆ ಮೆಲ್ಲಗೆ "ಸುಮಿಮಾಸೆನ್" ಎಂದರೆ ಕೈ ತಟ್ಟನೆ ಸೊಂಟಕ್ಕೆ ಹೋಗುತ್ತಿತ್ತು. ಅಲ್ಲಿ ಏನೂ ಸಿಗದೆ, ಕುರ್ತಾದ ಅಂಚು ಸರಿಮಾಡುವಂತೆ ಮಾಡಿ ಹಿಂದಿರುಗುತ್ತಿತ್ತು.

ಶುಕ್ರವಾರ ನಮ್ಮ ಮನೆಯಲ್ಲಿ ನವರಾತ್ರಿಯ ಅರಿಶಿನ-ಕುಂಕುಮ. ನನ್ನದೇ ಒಂದು ರೇಷ್ಮೆ ಸೀರೆ ಉಡಿಸಿದೆ. ಸುತ್ತಮುತ್ತಲಿನ ಕನ್ನಡದ ಹೆಂಗಸರು ತಾತಾಮಿ ಚಾಪೆಯ ಮೇಲೆ ಕುಳಿತಿದ್ದರು. ಇವಳು ಗೋಡೆಗೊರಗಿ ನಿಂತಿದ್ದಳು. ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಮಡಿಲು ತುಂಬಲು ಕರೆದೆ.

"ನನಗೆ ಬೇಡ. ಇದನ್ನೆಲ್ಲ ಬಿಟ್ಟು ವರ್ಷಗಳಾದವು," ಎಂದುಬಿಟ್ಟಳು.

ಅವಳ ಕರಿಮಣಿ ಸೆರಗಿನ ಮರೆಯಲ್ಲಿತ್ತು. ಮಗನ ಮನೆಗೆ ಬಂದಿದ್ದ ಮೈಸೂರಿನ ಹಿರಿಯ ಹೆಂಗಸೊಬ್ಬರು ಕುಂಕುಮದ ಬಟ್ಟಲನ್ನು ಸದ್ದಾಗದಂತೆ ತಮ್ಮತ್ತ ಎಳೆದುಕೊಂಡು, "ಪಾಪ, ನಮಗೆ ಗೊತ್ತಿರಲಿಲ್ಲಮ್ಮ. ಯಾವಾಗ ಹೋದ್ರು?" ಎಂದರು.

ಗೆಳತಿ ಕ್ಷಣಕಾಲ ಕಣ್ಣುಕಣ್ಣು ಬಿಟ್ಟಳು. ಆಮೇಲೆ ನಕ್ಕೇ ನಕ್ಕಳು. "ಎಲ್ಲಿಗೂ ಹೋಗಿಲ್ಲ ಕಣ್ರೀ. ಬೆಳಿಗ್ಗೆ ತಾನೇ ಫೋನಲ್ಲಿ ಜಗಳ ಆಡಿದ್ದಾರೆ."

ನಗುವಿನ ನಡುವೆಯೇ ಕಾರಣ ಹೇಳಿದಳು. ಮಡಿಲು ತುಂಬಿಸಿಕೊಳ್ಳಲು ಸೆರಗನ್ನೋ ಕುರ್ತಾದ ಅಂಚನ್ನೋ ಎರಡೂ ಕೈಯಲ್ಲಿ ಹಿಡಿದು ಚಾಚಬೇಕು; ಸೊಂಟ ಬಯಲಾಗುತ್ತದೆ. ಪಿಸ್ತೂಲು ಕಂಡುಬಿಟ್ಟೀತೆಂದು ಅಲ್ಲಿ ಎಲ್ಲ ಮನೆಗಳಲ್ಲೂ ಬೇಡವೆನ್ನುತ್ತಿದ್ದಳು. ಇಲ್ಲಿಯೂ ಅದೇ ಮಾತು ಬಾಯಿಗೆ ಬಂದಿತ್ತು.

ಯಾರೂ ಮುಖ ಸಿಂಡರಿಸಲಿಲ್ಲ. "ಭಯ ಯಾರಿಗಿಲ್ಲ ಹೇಳು," ಎಂದರು ಮೈಸೂರಿನವರು. "ನಮ್ಮನೆಯವರು ಈ ಊರಲ್ಲೂ ಬಾಗಿಲು ಹಾಕಿದ್ಯಾ ಅಂತ ಎದ್ದೆದ್ದು ನೋಡ್ತಾರೆ. ಈಗ ಸೊಂಟದಲ್ಲಿ ಏನೂ ಇಲ್ವಲ್ಲ? ಹಿಡಿ ಸೆರಗು."

ಹಿಡಿದಳು. ಬಲಗೈ ತುಸು ತಡವಾಗಿ ಮುಂದೆ ಬಂತು. ಅಕ್ಕಿಯ ಭಾರಕ್ಕೆ ಸೆರಗು ಜಗ್ಗಿದಾಗ, ಪಿಸ್ತೂಲಿನ ಪಟ್ಟಿ ಒತ್ತಿ ಒತ್ತಿ ಕಪ್ಪಾಗಿದ್ದ ಚರ್ಮ ನನಗೆ ಕಂಡಿತು. ಕಣ್ಣು ತಗ್ಗಿಸಿ ಇನ್ನೊಂದು ಹಿಡಿ ಅಕ್ಕಿ ಹಾಕಿದೆ.

ಎಲ್ಲರೂ ಹೋದ ಮೇಲೆ ಮಗಳಿಗೆ ಫೋನ್ ಮಾಡಿದಳು. "ಬರ್ತೀನಿ. ಅದನ್ನ ಅಪ್ಪನ ಹತ್ರ ಬಿಟ್ಟೇ ಬರ್ತೀನಿ." ಆ ಕಡೆಯಿಂದ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ. "ಪ್ರಾಮಿಸ್ ಗೀಮಿಸ್ ಕೇಳ್ಬೇಡ ಕಣೇ. ಹೆದರಿಕೆ ಆದ್ರೆ ನಿನ್ನನ್ನೇ ಎಬ್ಬಿಸ್ತೀನಿ. ಏಳ್ತೀಯಲ್ಲ?"

ಉತ್ತರ ನನಗೆ ಕೇಳಿಸಲಿಲ್ಲ. ಅವಳು ಫೋನನ್ನು ಕಿವಿಗೊತ್ತಿಕೊಂಡು ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದಳು.