ಕಮಾನಿನ ಮೇಲಿದ್ದ ಹೆಸರು

"ಯಾರ್ರೀ ನೀವು? ಕೇಳದೆ ನಮ್ಮನೆ ಫೋಟೋ ಯಾಕೆ ತೆಗೀತಿದೀರ?" ಎಂದು ಮನೆಯೊಡತಿ ಗದರಿದಾಗ ನನ್ನ ಹೊಸ ಡಿಜಿಟಲ್ ಕ್ಯಾಮೆರಾ ಕೈಜಾರುವುದೊಂದು ಬಾಕಿ. ಹಳೆಯ ಕಟ್ಟಡಗಳ ಚಿತ್ರ ತೆಗೆಯಲೆಂದು ಶಿವಮೊಗ್ಗದಿಂದ ಭದ್ರಾವತಿಯ ಓಲ್ಡ್ ಟೌನ್‌ಗೆ ಬಂದವಳು, ಆ ಮನೆ ಬಾಗಿಲಿನ ಗಾರೆ ಕಮಾನು ಕಂಡು ನಿಂತುಬಿಟ್ಟಿದ್ದೆ. ಅಂಗಡಿ ಮಳಿಗೆ ಕಟ್ಟಲು ಅದನ್ನು ಒಡೆಯುವುದಕ್ಕೆ ಕೆಲಸದವರು ಆಗಲೇ ಏಣಿ ಹಾಕಿದ್ದರು.

ತೆಗೆದ ಚಿತ್ರವನ್ನೇ ದೊಡ್ಡದು ಮಾಡಿ ಅವರ ಮುಂದೆ ಹಿಡಿದೆ. ಓರೆಯಾಗಿ ಬಿದ್ದ ಬೆಳಗಿನ ಬಿಸಿಲಿಗೆ, ಸುಣ್ಣದಡಿ ಮುಚ್ಚಿಹೋಗಿದ್ದ ಉಬ್ಬಕ್ಷರಗಳು ಎದ್ದು ಕಾಣುತ್ತಿದ್ದವು: 'ಗೌರಮ್ಮ'.

ಅವರು ಕನ್ನಡಕ ಸರಿಮಾಡಿಕೊಂಡು ಮತ್ತೆ ಮತ್ತೆ ನೋಡಿದರು. "ಅಯ್ಯೋ, ನಮ್ಮಜ್ಜಿ ಹೆಸರು ಕಣ್ರೀ! ಇಲ್ಲೇ ಹುಟ್ಟಿ ಬೆಳೆದ್ರೂ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ" ಎಂದವರೇ ಏಣಿಯತ್ತ ತಿರುಗಿ ಕೂಗಿದರು: "ಇಳೀರಪ್ಪಾ ಕೆಳಗೆ! ಕಮಾನು ಮುಟ್ಟಬೇಡಿ. ಮಳಿಗೆ ಪಕ್ಕದ ಜಾಗದಲ್ಲಿ ಕಟ್ಟಿಸ್ತೀನಿ." ಆಮೇಲೆ ನನ್ನ ಕೈಹಿಡಿದು ಕಾಫಿಗೆ ಒಳಗೆ ಕರೆದೊಯ್ದರು.

ಕಮಾನು ಉಳಿಯಿತು. ಐವತ್ತೆಂಟನೇ ವಯಸ್ಸಿನಲ್ಲಿ ಫೋಟೋಗ್ರಫಿ ಕಲಿಯುವುದೇ ಎಂದು ಒಳಗೊಳಗೇ ಅಳುಕುತ್ತಿದ್ದ ನಾನು, ಅಂದು ಕ್ಯಾಮೆರಾವನ್ನು ಪದಕದಂತೆ ಕೊರಳಿಗೆ ಹಾಕಿಕೊಂಡೇ ಶಿವಮೊಗ್ಗದ ಬಸ್ಸು ಹತ್ತಿದೆ.